ಮಕ್ಕಳ ಚಾಕು ಸೆಟ್: ಒಂಬತ್ತು ತಿಂಗಳು ಬಳಸಿದ ಮೇಲೆ

ಯುಗಾದಿಗೆ ಹತ್ತು ದಿನ ಇರುವಾಗ ಆನ್‌ಲೈನಿನಲ್ಲಿ 449 ರೂಪಾಯಿ ಕೊಟ್ಟು ತರಿಸಿದ ಮಕ್ಕಳ ಚಾಕು ಸೆಟ್ ಇದು. ಈಗ ಅವರೆಕಾಯಿ ಕಾಲ. ಈ ಒಂಬತ್ತು ತಿಂಗಳಲ್ಲಿ ನನ್ನ ಇಬ್ಬರು ಮಕ್ಕಳು, ಒಂಬತ್ತು ವರ್ಷದ ಮಗ ಮತ್ತು ಆರು ವರ್ಷದ ಮಗಳು, ವಾರಕ್ಕೆ ಮೂರು ನಾಲ್ಕು ದಿನವಾದರೂ ಇದರಲ್ಲಿ ಏನಾದರೊಂದನ್ನು ಹೆಚ್ಚಿದ್ದಾರೆ. ತಂದ ವಾರದಲ್ಲೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಮಗಳ ಬೆರಳು ಕೊಯ್ದ ದಿನ ಬರೆದಿದ್ದರೆ ಯಾರೂ ಕೊಳ್ಳಬೇಡಿ ಎಂದು ಬರೆಯುತ್ತಿದ್ದೆ. ಅದಕ್ಕೇ ಇಷ್ಟು ದಿನ ಕಾದೆ.

ನಾನು ಹಾಸನದಲ್ಲಿ ಶುಶ್ರೂಷಕಿ. ತಿಂಗಳಲ್ಲಿ ಹತ್ತು ದಿನವಾದರೂ ರಾತ್ರಿ ಪಾಳಿ ಇರುತ್ತದೆ. ನಮ್ಮ ಯಜಮಾನರು ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಾರೆ. ಮಕ್ಕಳನ್ನು ಎಬ್ಬಿಸಿ, ತಿಂಡಿ ಕೊಟ್ಟು, ಶಾಲೆಗೆ ಕಳಿಸುವವರು ಎಪ್ಪತ್ತೆರಡರ ನಮ್ಮ ಅತ್ತೆ. ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಪಾಳಿ ಮುಗಿಸಿ, ನಂತರದವರು ಬರುವುದು ತಡವಾಗಿ, ಹತ್ತೂವರೆಗೆ ಮನೆಗೆ ಬಂದೆ. ಅತ್ತೆಗೆ ಜ್ವರ, ಹಾಸಿಗೆ ಬಿಟ್ಟು ಏಳಲು ಆಗಿರಲಿಲ್ಲ. ಮಕ್ಕಳು ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡಿ ಟಿ.ವಿ. ಮುಂದೆ ಕೂತಿದ್ದರು. ಡಬ್ಬಿಯಲ್ಲಿ ಅವಲಕ್ಕಿ ಇತ್ತು, ಫ್ರಿಜ್‌ನಲ್ಲಿ ಮೊಸರು ಇತ್ತು, ಬುಟ್ಟಿಯಲ್ಲಿ ಬಾಳೆಹಣ್ಣು ಇತ್ತು. ಒಂಬತ್ತು ವರ್ಷದ ಹುಡುಗನಿಗೆ ಇವು ಮೂರೂ ಸೇರಿದರೆ ಒಂದು ಊಟ ಎಂದು ಗೊತ್ತಿರಲಿಲ್ಲ. ತನಗೆ ಬೇಡ, ಜ್ವರದಲ್ಲಿ ಮಲಗಿದ ಅಜ್ಜಿಗೆ ಒಂದು ಲೋಟ ಮಜ್ಜಿಗೆ ಮಾಡಿ ಕೊಡಲೂ ತಿಳಿದಿರಲಿಲ್ಲ. ತಪ್ಪು ಅವನದಲ್ಲ. ನಾವು ಯಾರೂ ಕಲಿಸಿರಲಿಲ್ಲ. ಅವತ್ತೇ ನಿರ್ಧರಿಸಿದೆ.

ಪೆಟ್ಟಿಗೆಯಲ್ಲಿ ಬಂದದ್ದು: ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ನೈಲಾನ್ ಚಾಕು, ಅಲೆಅಲೆಯಾದ ಸ್ಟೀಲಿನ ಅಲಗು, ಮೇಲೆ ಮರದ ಹಿಡಿ ಇರುವ ಒಂದು ಕಟರ್, ಒಂದು ಪೀಲರ್, ಪುಸ್ತಕದ ಅಳತೆಯ ಒಂದು ಪ್ಲಾಸ್ಟಿಕ್ ಮಣೆ. ಚಾಕುಗಳ ಅಂಚಿನಲ್ಲಿ ಗರಗಸದ ಹಲ್ಲು, ತುದಿ ಮೊಂಡು. ಮಕ್ಕಳ ಕೈಗೆ ಕೊಡುವ ಮೊದಲು ನನ್ನ ಅಂಗೈ ಮೇಲೆ ಒತ್ತಿ ಎಳೆದು ನೋಡಿದೆ. ಗೆರೆ ಮೂಡಿತು, ಚರ್ಮ ಬಿರಿಯಲಿಲ್ಲ. ಹಿಡಿಯ ಬುಡದಲ್ಲಿ ಲೋಟ ಮತ್ತು ಫೋರ್ಕಿನ ಚಿತ್ರವಿರುವ ಗುರುತು ಇತ್ತು. ಆಹಾರಕ್ಕೆ ತಾಗಬಹುದಾದ ವಸ್ತು ಎಂದು ಅದರ ಅರ್ಥ. ಆ ಗುರುತು ಇಲ್ಲದ್ದನ್ನು ನಾನು ಮಕ್ಕಳಿಗಾಗಿ ಕೊಳ್ಳುವುದಿಲ್ಲ. ಮಧ್ಯಮ ಚಾಕುವಿನ ಹಿಡಿಯಲ್ಲಿ ಅಚ್ಚಿನ ಅಂಚು ಉಳಿದು ಕೈಗೆ ಚುಚ್ಚುತ್ತಿತ್ತು. ಉಗುರಿನ ಅರದಿಂದ ಉಜ್ಜಿ ನುಣ್ಣಗೆ ಮಾಡಿಕೊಂಡೆ. ಮಕ್ಕಳಿಗೆಂದೇ ಮಾಡಿದ ವಸ್ತುವಿನಲ್ಲಿ ಈ ಕೆಲಸವನ್ನು ಕೊಂಡವರಿಗೆ ಬಿಡಬಾರದಿತ್ತು.

ಇದು ಏನನ್ನು ಕೊಯ್ಯುತ್ತದೆ, ಏನನ್ನು ಕೊಯ್ಯುವುದಿಲ್ಲ ಎಂಬುದೇ ಮುಖ್ಯ. ಬಾಳೆಹಣ್ಣು, ಪರಂಗಿಹಣ್ಣು, ಬೇಯಿಸಿದ ಆಲೂಗಡ್ಡೆ, ಪನೀರ್, ಎಳೆ ಸೌತೆಕಾಯಿ, ನಾರು ಬಿಡಿಸಿದ ಹುರುಳಿಕಾಯಿ, ಇವೆಲ್ಲ ಚೆನ್ನಾಗಿ ಆಗುತ್ತವೆ. ಟೊಮೆಟೊ ಗಟ್ಟಿಯಾಗಿದ್ದರೆ ಹೋಳಾಗುತ್ತದೆ, ಹೆಚ್ಚು ಹಣ್ಣಾಗಿದ್ದರೆ ಮಣೆಯ ಮೇಲೆಯೇ ಸಾರಾಗುತ್ತದೆ. ಕ್ಯಾರೆಟ್ ಆಗುವುದಿಲ್ಲ. ನಾನು ಉದ್ದಕ್ಕೆ ಸೀಳಿ, ಚಪ್ಪಟೆ ಮುಖ ಕೆಳಗೆ ಮಾಡಿ ಕೊಟ್ಟರೂ ಮಗಳು ಚಾಕುವಿನ ಮೇಲೆ ಮೈಭಾರ ಹಾಕಿ ಒತ್ತುತ್ತಾಳೆ. ಹಾಗೆ ಒತ್ತುವಾಗ ಚಾಕು ಜಾರಿದರೆ ನೈಲಾನ್ ಆದರೂ ಪೆಟ್ಟಾಗುತ್ತದೆ. ಹಸಿ ಬೀಟ್‌ರೂಟ್, ಸೀಮೆಬದನೆ, ಕುಂಬಳಕಾಯಿಯ ಮಾತೇ ಬೇಡ. ಈರುಳ್ಳಿಯನ್ನು ಮೊದಲ ತಿಂಗಳೇ ಕೈಬಿಟ್ಟೆವು. ಮೊಂಡು ಅಲಗು ಈರುಳ್ಳಿಯನ್ನು ಕೊಯ್ಯುವುದಕ್ಕಿಂತ ಜಜ್ಜುವುದೇ ಹೆಚ್ಚು, ಜಜ್ಜಿದಷ್ಟೂ ಕಣ್ಣುರಿ ಜಾಸ್ತಿ. ಮಗ ಅರ್ಧ ಈರುಳ್ಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ಕೆಂಡವಾಗಿತ್ತು.

ಇದನ್ನು ಬಳಸುವ ರೀತಿ ಬೇರೆ. ಒತ್ತಿದರೆ ಆಗುವುದಿಲ್ಲ, ಗರಗಸದಂತೆ ಮುಂದಕ್ಕೂ ಹಿಂದಕ್ಕೂ ಎಳೆಯಬೇಕು. ಇನ್ನೊಂದು ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಗಿಣ್ಣು ಮುಂದೆ ಬರುವಂತೆ ತರಕಾರಿಯನ್ನು ಹಿಡಿಯಬೇಕು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ನಾನು ಮಗಳ ಹಿಂದೆ ನಿಂತು, ನನ್ನ ಕೈಯನ್ನು ಅವಳ ಕೈ ಮೇಲಿಟ್ಟು ನಾಲ್ಕು ಸೌತೆಕಾಯಿ ಹೆಚ್ಚಿಸಿದೆ. ಐದನೆಯದನ್ನು ಅವಳೇ ಹೆಚ್ಚಿದಳು. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಲೇಬೇಕು. ಇದರ ಜೊತೆ ಬಂದ ಮಣೆ ತೀರಾ ಹಗುರ, ಗ್ರಾನೈಟ್ ಕಟ್ಟೆಯ ಮೇಲೆ ಜಾರುತ್ತದೆ. ಕಟ್ಟೆಯೂ ಮಗಳ ಎದೆಯ ಎತ್ತರಕ್ಕಿದೆ, ಅಲ್ಲಿ ಅವಳ ಮೊಣಕೈ ಮೇಲಕ್ಕೇಳುತ್ತದೆ. ನಾವು ನೆಲದ ಮೇಲೆ ಚಾಪೆ ಹಾಸಿ, ಹಳೆಯ ಊಟದ ಮಣೆಯೊಂದನ್ನು ಮುಂದಿಟ್ಟು ಕೂರುತ್ತೇವೆ. ಬಿದ್ದರೆ ಚಾಕು ನೆಲಕ್ಕೆ ಬೀಳುತ್ತದೆ, ಕಾಲ ಮೇಲಲ್ಲ.

ಅತ್ತೆಯವರಿಗೆ ಈ ಸೆಟ್ ಮೊದಲಿಗೆ ಒಪ್ಪಿಗೆಯಾಗಲಿಲ್ಲ. "ನಾವೆಲ್ಲ ಈಳಿಗೆಮಣೆ ಮುಂದೆ ಕೂತೇ ಕಲಿತದ್ದು, ಈ ಪ್ಲಾಸ್ಟಿಕ್ ಯಾಕಮ್ಮ?" ಎಂದರು. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಅವರು ಈಳಿಗೆಯಲ್ಲಿ ಬದನೆಕಾಯಿ ಹೆಚ್ಚುವುದನ್ನು ನೋಡುತ್ತ ಕೂರಬಹುದು, ಅಷ್ಟು ಚಂದ. ಆದರೆ ಎರಡು ವಾರ ಕಳೆದ ಮೇಲೆ ಒಂದು ವಿಷಯ ಹೊಳೆಯಿತು. ಈಳಿಗೆಯಲ್ಲಿ ಅಲಗು ಅಲುಗುವುದಿಲ್ಲ, ಕೈ ಅಲಗಿನ ಕಡೆಗೆ ಹೋಗುತ್ತದೆ. ಚಾಕುವಿನಲ್ಲಿ ಕೈ ನಿಂತಿರುತ್ತದೆ, ಅಲಗು ಬರುತ್ತದೆ. ದಿನವೂ ಅಜ್ಜಿಯನ್ನೇ ನೋಡಿ ಬೆಳೆದ ನನ್ನ ಮಗಳು ಮೊದಲ ದಿನ ಚಾಕುವನ್ನು ಮಣೆಗೆ ಊರಿ ನಿಲ್ಲಿಸಿ, ಸೌತೆಕಾಯಿಯನ್ನು ಅದರ ಕಡೆಗೆ ತಳ್ಳಿದಳು! ಅವಳು ತಪ್ಪು ಮಾಡುತ್ತಿರಲಿಲ್ಲ, ಕಂಡದ್ದನ್ನು ಮಾಡುತ್ತಿದ್ದಳು. ಈಳಿಗೆ ಇರುವ ಮನೆಯವರು ಇದನ್ನು ಗಮನದಲ್ಲಿಡಿ: ಮಗುವಿಗೆ ಚಾಕು ಕೊಡುವ ಮೊದಲ ಒಂದು ವಾರ ನೀವೂ ಅದರೆದುರು ಚಾಕುವಿನಲ್ಲೇ ಹೆಚ್ಚಿ.

ಮೊದಲ ನಿಜವಾದ ಅಡುಗೆ ಶ್ರೀರಾಮನವಮಿಯ ದಿನ ಆಯಿತು. ಪಾನಕ, ಕೋಸಂಬರಿ, ನೀರುಮಜ್ಜಿಗೆ, ಮೂರಕ್ಕೂ ಒಲೆ ಹಚ್ಚಬೇಕಾಗಿಲ್ಲ. ಮಕ್ಕಳಿಗೆ ಅಡುಗೆ ಕಲಿಸಲು ಹೊರಟವರಿಗೆ ನಮ್ಮ ಹಬ್ಬಗಳಲ್ಲಿ ಇದಕ್ಕಿಂತ ಒಳ್ಳೆಯ ದಿನ ಕಾಣೆ. ಬೆಳಿಗ್ಗೆ ಒಂದು ಬಟ್ಟಲು ಹೆಸರುಬೇಳೆಯನ್ನು ಮಗನೇ ತೊಳೆದು ನೆನೆಹಾಕಿದ. ಒಂದೂವರೆ ಗಂಟೆ ಬಿಟ್ಟು, ಒಂದು ಕಾಳನ್ನು ಉಗುರಿನಲ್ಲಿ ಒತ್ತಿ ಮುರಿಯುತ್ತದೆಯೇ ನೋಡಿ ಬಸಿದ. ಮಗಳು ಎರಡು ಸೌತೆಕಾಯಿ ಹೆಚ್ಚಿದಳು. ತೊಟ್ಟಿನ ತುದಿ ಕಹಿ ಇದೆಯೇ ಎಂದು ಮೊದಲು ರುಚಿ ನೋಡುವುದನ್ನು ಅಜ್ಜಿ ಕಲಿಸಿದರು. ಹೋಳುಗಳು ಒಂದು ಬೆರಳಷ್ಟು, ಒಂದು ಕಡಲೆಕಾಳಷ್ಟು. ಇರಲಿ. ಕಾಯಿ ತುರಿದದ್ದು ಅತ್ತೆ, ಮಾವಿನಕಾಯಿ ತುರಿದದ್ದು ನಾನು.

ಉಪ್ಪಿನ ವಿಷಯಕ್ಕೆ ಮಗ ಆತುರಪಟ್ಟು ಮೊದಲೇ ಹಾಕಿಬಿಟ್ಟ. ಪೂಜೆ ಮುಗಿಯುವಷ್ಟರಲ್ಲಿ ಬೋಗುಣಿಯ ತಳದಲ್ಲಿ ಅರ್ಧ ಲೋಟ ನೀರು. "ಯಾರು ನೀರು ಸುರಿದರು?" ಎಂದು ತಂಗಿಯ ಮೇಲೆ ಗುರಾಯಿಸಿದ. ಆಗ ಒಂದು ತಟ್ಟೆಯಲ್ಲಿ ನಾಲ್ಕು ಹೋಳು ಸೌತೆಕಾಯಿ ಇಟ್ಟು, ಎರಡಕ್ಕೆ ಉಪ್ಪು ಉದುರಿಸಿ, ಹತ್ತು ನಿಮಿಷ ಕಾಯಲು ಹೇಳಿದೆ. ಉಪ್ಪು ಸೌತೆಯೊಳಗಿನ ನೀರನ್ನು ಹೊರಗೆಳೆಯುವುದನ್ನು ಇಬ್ಬರೂ ಕಣ್ಣಾರೆ ಕಂಡರು. ಅಂದಿನಿಂದ ನಮ್ಮ ಮನೆಯಲ್ಲಿ ಕೋಸಂಬರಿಗೆ ಉಪ್ಪು ಹಾಕುವುದು ಎಲೆಗೆ ಬಡಿಸುವ ಮುಂಚೆ. ಉಪ್ಪು ಹಾಕುವ ಹಕ್ಕು ಮಗನದು, ಕಾಯುವುದನ್ನೂ ಅವನೇ ಕಲಿತಿದ್ದಾನೆ.

ಈಗ ಪೀಲರ್ ವಿಷಯ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಮಕ್ಕಳಿಗೆ ಸಂಪೂರ್ಣ ಸುರಕ್ಷಿತ' ಎಂದು ಬರೆದಿದ್ದಾರೆ. ಮೂರು ನೈಲಾನ್ ಚಾಕುಗಳಿಗೆ ಆ ಮಾತು ಹೆಚ್ಚುಕಡಿಮೆ ಸಲ್ಲುತ್ತದೆ. ಪೀಲರ್‌ಗೆ ಸಲ್ಲುವುದಿಲ್ಲ. ಅದರಲ್ಲಿರುವುದು ದೊಡ್ಡವರ ಪೀಲರಿನದೇ ಸ್ಟೀಲ್ ಅಲಗು, ಹಿಡಿಗೆ ಮಾತ್ರ ಬಣ್ಣ ಬಳಿದಿದ್ದಾರೆ. ಮೇ ತಿಂಗಳ ಎರಡನೇ ವಾರ ಮಗಳು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದಾಗ ಅದು ಜಾರಿ ಹೆಬ್ಬೆರಳ ಗಿಣ್ಣಿನ ಮೇಲಿನ ಚರ್ಮ ಎದ್ದುಬಂತು. ನಾನು ಪಕ್ಕದಲ್ಲೇ ಇದ್ದೆ. ಹರಿಯುವ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಿಸಿ ಕೂರಿಸಿದೆ. ರಕ್ತ ನಿಂತಿತು. ಮೊದಲು ಅರಿಸಿನ ತರಲು ಓಡಿದ ಅತ್ತೆಯವರನ್ನು ತಡೆದೆ. ಇಂಥ ಸಣ್ಣ ಗಾಯಕ್ಕೆ ನೀರು ಮತ್ತು ಒತ್ತಡ ಸಾಕು.

ಮಗಳು ಎಡಗೈಯವಳು. ರಾತ್ರಿ ಕೂತು ಆ ಪೀಲರನ್ನು ತಿರುಗಿಸಿ ತಿರುಗಿಸಿ ನೋಡಿದಾಗ ಕಾರಣ ಸಿಕ್ಕಿತು. ಅದರ ಅಲಗಿನ ಒಂದೇ ಅಂಚು ಹರಿತವಾಗಿದೆ. ಬಲಗೈಯಲ್ಲಿ ಹಿಡಿದು ಎಳೆದರೆ ಹರಿತ ಅಂಚು ಸಿಪ್ಪೆಗೆ ತಾಗುತ್ತದೆ, ಎಡಗೈಯಲ್ಲಿ ಹಿಡಿದರೆ ಮೊಂಡು ಅಂಚು. ಹಾಗಾಗಿ ಅವಳು ಪೀಲರನ್ನು ತಲೆಕೆಳಗು ಮಾಡಿ ಮೈ ಕಡೆಗೆ ಎಳೆಯುತ್ತಿದ್ದಳು. ಆರು ವರ್ಷದ ಮಗು ತನ್ನ ಕೈಗೆ ಒಗ್ಗದ ವಸ್ತುವನ್ನು ಒಗ್ಗಿಸಿಕೊಳ್ಳಲು ತಾನೇ ದಾರಿ ಹುಡುಕಿತ್ತು, ಆ ದಾರಿ ಬೆರಳಿನ ಮೇಲೆ ಹಾದುಹೋಗಿತ್ತು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ನಿಮ್ಮ ಮಗು ಎಡಗೈಯದಾದರೆ ಎರಡೂ ಅಂಚು ಹರಿತವಿರುವ, ಇಂಗ್ಲಿಷಿನ Y ಅಕ್ಷರದ ಆಕಾರದ ಪೀಲರನ್ನೇ ಕೊಳ್ಳಿ, ಅದನ್ನೂ ಎಂಟು ವರ್ಷದ ಮೇಲೆ ಕೊಡಿ. ನೈಲಾನ್ ಚಾಕುಗಳ ಹಲ್ಲು ಎರಡೂ ಬದಿಗೆ ಒಂದೇ ಸಮ ಇದೆ, ಆದ್ದರಿಂದ ಅವು ಅವಳಿಗೆ ಚೆನ್ನಾಗಿ ಒಗ್ಗಿವೆ.

ಎಡಗೈಯ ಬಗ್ಗೆ ಇನ್ನೊಂದು ಮಾತು. "ಊಟದ ಪದಾರ್ಥವನ್ನು ಎಡಗೈಯಲ್ಲಿ ಹೆಚ್ಚಬೇಡ ಪುಟ್ಟಿ" ಎಂದು ಅತ್ತೆ ಎರಡು ಮೂರು ಸಲ ಹೇಳಿದ್ದರು. ಅವರು ಬೆಳೆದದ್ದು ಹಾಗೆ. ಅವಳ ಗಾಯ ಮಾಗುವ ತನಕ ನಾನು ಏನನ್ನೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಅವರೆದುರೇ ಮಗಳಿಗೆ ಚಾಕುವನ್ನು ಬಲಗೈಗೆ ಕೊಟ್ಟು ಬಾಳೆಹಣ್ಣು ಹೆಚ್ಚಲು ಹೇಳಿದೆ. ಬಾಳೆಹಣ್ಣಿನಂಥ ಬಾಳೆಹಣ್ಣು ಹೆಚ್ಚಲು ಅವಳ ಕೈ ನಡುಗಿತು. ಅತ್ತೆ ನೋಡಿದರು, ಚಾಕುವನ್ನು ತಾವೇ ತೆಗೆದು ಅವಳ ಎಡಗೈಗೆ ಕೊಟ್ಟರು. ಮತ್ತೆಂದೂ ಆ ಮಾತು ಆಡಲಿಲ್ಲ.

ಸೆಟ್‌ನಲ್ಲಿ ನಾನು ಮನಸಾರೆ ಹೊಗಳುವುದು ಅಲೆ ಅಲಗಿನ ಕಟರ್ ಅನ್ನು. ಹಿಡಿ ಅಲಗಿನ ನೆತ್ತಿಯ ಮೇಲಿದೆ, ಎರಡೂ ಕೈಯನ್ನು ಮೇಲಿಟ್ಟು ಒತ್ತಬಹುದು. ಕೈಗಳೆರಡೂ ಮೇಲಿರುವಾಗ ಅಲಗಿನ ಕೆಳಗೆ ಬೆರಳು ಬರುವ ಸಂಭವವೇ ಕಡಿಮೆ. ನಾನು ಎರಡು ಭಾಗ ಮಾಡಿ ಕೊಟ್ಟ ಹಸಿ ಆಲೂಗಡ್ಡೆಯನ್ನು, ಸೀಳಿದ ಕ್ಯಾರೆಟ್ಟನ್ನು ಇದು ಸರಾಗವಾಗಿ ಇಳಿಸುತ್ತದೆ. ನಮ್ಮ ಹಾಸನ ಆಲೂಗಡ್ಡೆಯ ಸೀಮೆ. ಮಳೆಗಾಲದ ಬೆಳೆ ಬಂದಾಗ ಮನೆಯಲ್ಲಿ ಒಂದು ಚೀಲವಾದರೂ ಇರುತ್ತದೆ. ಈ ವರ್ಷ ಆಲೂಗಡ್ಡೆ ಪಲ್ಯಕ್ಕೆ ನಾನು ಹೆಚ್ಚಿದ್ದು ಕಡಿಮೆ. ಮಕ್ಕಳು ಅಲೆಅಲೆಯಾಗಿ ಹೆಚ್ಚಿದ ಹೋಳುಗಳೇ ಸಾಂಬಾರಿಗೂ ಹೋದವು. ಮಗಳು ತಿನ್ನದ ಕ್ಯಾರೆಟ್ ಕೂಡ ಅಲೆಯಾಕಾರ ಪಡೆದ ಮೇಲೆ ತಟ್ಟೆಯಲ್ಲಿ ಉಳಿಯುತ್ತಿಲ್ಲ. ಅಲಗು ಸ್ಟೀಲಿನದು, ಹರಿತವೇ ಇದೆ. ಕೆಲಸ ಮುಗಿದ ಕೂಡಲೇ ನಾನೇ ತೊಳೆದು ಎತ್ತಿಡುತ್ತೇನೆ, ಮಕ್ಕಳು ಸಿಂಕಿನ ನೀರಿನೊಳಗೆ ಕೈ ಹಾಕಿ ಹುಡುಕುವಂತೆ ಬಿಡುವುದಿಲ್ಲ.

ಚಾಕುವಿಗೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದ್ದು ಹಸಿಮೆಣಸಿನಕಾಯಿ. ಈ ಚಾಕುವಿಗೆ ಅದು ಸುಲಭವಾಗಿ ಸಿಗುತ್ತದೆ, ಅದೇ ಅಪಾಯ. ಮಗ ಎರಡು ಮೆಣಸಿನಕಾಯಿ ಹೆಚ್ಚಿ, ಕೈಯನ್ನು ಬರೀ ನೀರಿನಲ್ಲಿ ತೊಳೆದು, ಕಣ್ಣುಜ್ಜಿಕೊಂಡ. ಮೆಣಸಿನ ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಕಣ್ಣಿಗೆ ಮಾತ್ರ ಎಣ್ಣೆ ತಾಗಿಸದೆ ಧಾರಾಳವಾಗಿ ತಣ್ಣೀರು. ಈಗ ನಮ್ಮಲ್ಲಿ ಮಕ್ಕಳ ಅಡುಗೆಗೆ ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ಹಾಕುತ್ತೇವೆ, ಸೀಳುವವಳು ನಾನು.

ಒಲೆಯ ಕೆಲಸವನ್ನು ಮಗನಿಗೆ ಶ್ರಾವಣ ಕಳೆದ ಮೇಲೆ ಕೊಟ್ಟೆ, ಮಗಳಿಗೆ ಇನ್ನೂ ಇಲ್ಲ. ಆಸ್ಪತ್ರೆಯಲ್ಲಿ ನಾನು ಕಂಡ ಮಕ್ಕಳ ಸುಟ್ಟಗಾಯಗಳಲ್ಲಿ ಬೆಂಕಿ ತಾಗಿದ್ದಕ್ಕಿಂತ ಬಿಸಿ ಸಾರು, ಹಾಲು, ಚಹಾ ಮೈಮೇಲೆ ಚೆಲ್ಲಿಕೊಂಡದ್ದೇ ಹೆಚ್ಚು. ಆದ್ದರಿಂದ ಬಾಣಲೆಯ ಹಿಡಿ ಗೋಡೆಯ ಕಡೆಗೆ ತಿರುಗಿರಬೇಕು, ಬಿಸಿ ಪಾತ್ರೆಯನ್ನು ಇಳಿಸುವುದು ದೊಡ್ಡವರು ಮಾತ್ರ, ಕುಕ್ಕರನ್ನು ಮುಟ್ಟುವಂತಿಲ್ಲ, ಇವು ನಮ್ಮ ಮನೆಯ ಕಾನೂನು. ಆಕಸ್ಮಾತ್ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಪೇಸ್ಟ್, ಶಾಯಿ, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಇದನ್ನು ಮಗನಿಗೆ ಒಲೆ ಹಚ್ಚುವುದನ್ನು ಕಲಿಸುವ ಮೊದಲೇ ಕಲಿಸಿದೆ. ಅವನ ಮೊದಲ ಬಿಸಿ ಅಡುಗೆ ಉಪ್ಪಿಟ್ಟು: ಒಂದು ಲೋಟ ರವೆ, ಎರಡೂವರೆ ಲೋಟ ನೀರು. ರವೆಯನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದದ್ದು ಅವನೇ. ಕುದಿಯುವ ನೀರಿಗೆ ರವೆ ಸುರಿಯುವಾಗ ಮುಖಕ್ಕೆ ಸಿಡಿಯುತ್ತದೆ, ಆ ಒಂದು ಕ್ಷಣ ನಾನು ಮುಂದೆ ನಿಂತೆ. ಗಂಟಾಗಿತ್ತು. ಅವರಪ್ಪ ಎರಡನೇ ಸಲ ಹಾಕಿಸಿಕೊಂಡರು.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಹಳದಿ ಚಾಕುವಿಗೆ ಬೀಟ್‌ರೂಟಿನ ಕಲೆ ಉಳಿದಿದೆ, ಬಿಳಿ ಮಣೆಗೆ ಅರಿಸಿನದ್ದು. ಹಲ್ಲುಗಳು ಸ್ವಲ್ಪ ಸವೆದಿವೆ, ಕೆಲಸಕ್ಕೆ ಅಡ್ಡಿಯಾಗಿಲ್ಲ. ದೊಡ್ಡ ಚಾಕುವನ್ನು ಒಮ್ಮೆ ಬಿಸಿ ಹೆಂಚಿನ ಪಕ್ಕ ಒರಗಿಸಿಟ್ಟು ಅದರ ತುದಿ ಸೊಟ್ಟಗಾಗಿದೆ. ಹಲ್ಲಿನ ಸಂದಿಯಲ್ಲಿ ಬೆಲ್ಲ, ಬಾಳೆಹಣ್ಣು ಕೂರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಮಗುವೇ ಉಜ್ಜಲಿ, ಹೆಚ್ಚುವುದರಷ್ಟೇ ಅದೂ ಅಡುಗೆಯ ಕೆಲಸ.

ಕೊಳ್ಳಬೇಕೇ ಎಂದು ನೆರೆಯವರು ಕೇಳುತ್ತಾರೆ. ಮಗು ಐದರಿಂದ ಎಂಟರೊಳಗಿದ್ದರೆ, ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕೂರುವವರು ಒಬ್ಬರಿದ್ದರೆ, ಕೊಳ್ಳಿ. ಅಲೆ ಕಟರ್ ಸೇರಿರುವ ಸೆಟ್ಟನ್ನೇ ಕೊಳ್ಳಿ, ಪೀಲರನ್ನು ಬಂದ ದಿನವೇ ಎತ್ತಿಡಿ. ಮಗುವನ್ನು ಚಾಕುವಿನೊಂದಿಗೆ ಬಿಟ್ಟು ನೀವು ಬೇರೆ ಕೆಲಸ ನೋಡಿಕೊಳ್ಳಬಹುದು ಎಂಬ ಆಸೆಯಿಂದ ಕೊಳ್ಳುವುದಾದರೆ ಬೇಡ. ಅಷ್ಟು ಹಣ ಹಾಕಲು ಮನಸ್ಸಿಲ್ಲದವರು ಪಾತ್ರೆ ಅಂಗಡಿಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವ ಮೊಂಡು ಸ್ಟೀಲ್ ಚಾಕು ತನ್ನಿ. ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಪನೀರಿಗೆ ಅದು ಧಾರಾಳ ಸಾಕು. ಸೌತೆಕಾಯಿಗೆ ಸಾಲದು. ಒಂಬತ್ತು ವರ್ಷದ ನನ್ನ ಮಗನಿಗೆ ಈ ನೈಲಾನ್ ಚಾಕು ಆರು ತಿಂಗಳಲ್ಲೇ ಸಾಕಾಯಿತು. ಬೆರಳು ಮಡಚುವುದು ಕೈಗೆ ಕೂತ ಮೇಲೆ ಅವನಿಗೆ ಒಂದು ಗೇಣಿಗಿಂತ ಚಿಕ್ಕದಾದ ಹರಿತ ಸ್ಟೀಲ್ ಚಾಕು ಕೊಡಿಸಿದೆ. ಹರಿತವಾದದ್ದು ಜಾರುವುದು ಕಡಿಮೆ, ಈರುಳ್ಳಿಗೂ ಅವನು ಅಳುವುದು ಕಡಿಮೆಯಾಗಿದೆ.

ಯಾವ ಚಾಕುವೂ ಬೇಡದ ಕೆಲಸಗಳನ್ನು ಮರೆಯಬೇಡಿ. ಕೊತ್ತಂಬರಿ ಸೊಪ್ಪು ಬಿಡಿಸುವುದು, ಚಪಾತಿ ಹಿಟ್ಟು ನಾದುವುದು, ಮೊಸರು ಕಡೆಯುವುದು. ಈ ವಾರ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ನಡೆಯುತ್ತಿದೆ. ರಾತ್ರಿ ನೆನೆದ ಅವರೆಕಾಳನ್ನು ಎರಡು ಬೆರಳಲ್ಲಿ ಹಿಸುಕಿದರೆ ಬೇಳೆ ಪಟ್ಟನೆ ಹಾರುತ್ತದೆ. ಅಜ್ಜಿ, ಮೊಮ್ಮಗ, ಮೊಮ್ಮಗಳು ಒಂದೇ ಮೊರದ ಸುತ್ತ. ಮಗಳ ಎಡಗೈ ಉಳಿದಿಬ್ಬರಿಗಿಂತ ವೇಗವಾಗಿದೆ ಎಂದು ಅತ್ತೆಯೇ ಎಲ್ಲರಿಗೂ ಹೇಳುತ್ತಿದ್ದಾರೆ.

ನಿನ್ನೆ ರಾತ್ರಿ ಪಾಳಿಗೆ ಹೊರಡುವಾಗ ಮಗ ಡಬ್ಬಿ ಕೈಗಿಟ್ಟ. ಮೊಸರವಲಕ್ಕಿ. ದಪ್ಪ ಅವಲಕ್ಕಿಯನ್ನು ಎರಡು ನೀರಲ್ಲಿ ತೊಳೆದು, ಬಸಿದು, ಹತ್ತು ನಿಮಿಷ ಬಿಟ್ಟು, ಬೆಳಗಿನ ಜಾವದ ಹೊತ್ತಿಗೆ ಹುಳಿಯಾಗದಿರಲೆಂದು ಮೊಸರಿಗಿಂತ ಹಾಲು ಹೆಚ್ಚು ಹಾಕಿ ಕಲಸಿದ್ದ. ಸೌತೆಕಾಯಿ ಹೋಳನ್ನು ಬೇರೆ ಚಿಕ್ಕ ಡಬ್ಬಿಯಲ್ಲಿ ಇಟ್ಟಿದ್ದರು, ಜೊತೆಗೆ ಕಾಗದದಲ್ಲಿ ಮಡಚಿದ ಉಪ್ಪು. "ತಿನ್ನುವಾಗ ಹಾಕಿಕೊಳ್ಳಮ್ಮ, ಮೊದಲೇ ಹಾಕಿದರೆ ನೀರು ಬಿಡುತ್ತದೆ" ಎಂದಳು ಮಗಳು.